ಇಳಿಯಲಾಗದ ಗಾಡಿ

ಅಕ್ಕ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ. ರೈಲಿನಲ್ಲಿ ಹೋದರೆ ಮುಟ್ಟುವುದು ಮರುದಿನ. ಅಕ್ಕನ ಮುಖವನ್ನು ಕೊನೆಯ ಸಲ ನೋಡಲೆಂದು, ಮೂವತ್ತು ವರ್ಷ ರೈಲಿನ ಗಾರ್ಡ್ ಆಗಿದ್ದ ಮುದುಕರು ಮೊದಲ ಬಾರಿಗೆ ವಿಮಾನ ಹತ್ತಿದರು.

ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಮುಚ್ಚಿತು. ಎರಡು ಗಂಟೆ ಕಳೆದರೂ ವಿಮಾನ ಕದಲಲಿಲ್ಲ. ನಡುವಿನ ಸೀಟಿನಲ್ಲಿ ಮೊಣಕೈ ಆಡಿಸಲೂ ಜಾಗವಿರಲಿಲ್ಲ. ರೈಲಾಗಿದ್ದರೆ ಇಷ್ಟು ಹೊತ್ತಿಗೆ ಅವರು ಕೆಳಗಿಳಿದು ವಿಚಾರಿಸುತ್ತಿದ್ದರು. ಹಳೆಯ ಅಭ್ಯಾಸ ಎಲ್ಲಿ ಬಿಟ್ಟೀತು? ಬೆಲ್ಟ್ ಬಿಚ್ಚಿ, ನೆಟ್ಟಗೆ ಹೋಗಿ ಬಾಗಿಲಿನ ಹಿಡಿಗೆ ಕೈಹಾಕಿದರು.

“ಅಯ್ಯೋ ತಾತ, ಮುಟ್ಟಬೇಡಿ!” ಎನ್ನುತ್ತ ಗಗನಸಖಿ ಓಡಿಬಂದಳು.

“ಸಿಗ್ನಲ್ ಯಾಕೆ ಕೊಟ್ಟಿಲ್ಲ ಅಂತ ಕೇಳ್ಕೊಂಡು ಬರ್ತೀನಮ್ಮ, ಎರಡೇ ನಿಮಿಷ.”

“ಇಲ್ಲಿ ಹಾಗೆಲ್ಲ ಇಳಿಯೋ ಹಾಗಿಲ್ಲ ತಾತ. ನಾನೂ ನಿಮ್ಮ ಹಾಗೇ ಒಳಗೇ ಇದೀನಿ.”

ಅವಳು ಅವರನ್ನು ಕೂರಿಸಿ, ಬೆಲ್ಟನ್ನು ತಾನೇ ಬಿಗಿದಳು.

ನಾಲ್ಕಕ್ಕೆ ಅಕ್ಕನ ಮಗ ಫೋನ್ ಮಾಡಿದ. “ಮಾವ, ಎಲ್ಲಿದೀರಿ?”

“ಹತ್ತಿದ ಕಡೆಯೇ ಇದೀನಪ್ಪ.”

“ಇನ್ನು ಕಾಯೋಕಾಗಲ್ಲ ಮಾವ...”

ಮುದುಕರು ಕೈಗಡಿಯಾರ ನೋಡಿದರು. “ಕಾಯಬೇಡಿ. ಹೊರಡಿ.”

ಕಟ್ಟಿದ ಬೆಲ್ಟಿನ ಮೇಲೆಯೇ ಕೈಮುಗಿದು ಕಣ್ಣು ಮುಚ್ಚಿದರು. ‘ದೇವರೇ, ನಾನು ಹೋಗಿ ಮುಟ್ಟಲಿಲ್ಲ. ಅವಳು ನಿನ್ನ ಪಾದ ಮುಟ್ಟಲಿ. ಅಲ್ಲಿ ಅವಳಿಗೆ ಶಾಂತಿ ಕೊಡು.’