ಕೆರೆಯ ಮೇಲಿನ ಚುಕ್ಕಿ

ಕೆಂಪು ಚುಕ್ಕಿ ಇನ್ನೂ ಕೆರೆಯ ಮೇಲೆಯೇ ಇದೆ, ಸದ್ಯ, ಆನೆ ನೀರಲ್ಲಿ ಬಿದ್ದುಕೊಂಡಿದ್ದರೆ ಊರಿಗೆ ಒಳ್ಳೆಯದೇ ಎಂದುಕೊಳ್ಳುತ್ತಾಳೆ ಭಾನುಪ್ರಿಯ, ಕಾಫಿ ಆರುತ್ತಿದೆ, ಆನೆ ಎಲ್ಲಿದೆ ಎಂದು ಹೊಂಗನೂರಿಗೆಲ್ಲ ಫೋನಿನಲ್ಲಿ ತೋರಿಸುವ ಈ ನಕ್ಷೆ ಅವಳದೇ ಕೈಕೆಲಸ, ಹುಳದ ಮನೆಯಲ್ಲಿ ಸೊಪ್ಪು ಮೇಯುವ ಸರಸರ ಸದ್ದಿಲ್ಲ, ಪೊರೆ ಕಳಚುವ ಜ್ವರದಿಂದ ಎದ್ದ ರೇಷ್ಮೆಹುಳಕ್ಕೆ ಹಸಿವೋ ಹಸಿವು, ಅದಕ್ಕೇ ಅಲ್ಲವೇ ಅತ್ತೆ ಸಿದ್ದಮ್ಮ ಬೆಳಗಾಗುತ್ತಲೇ ಹಿಪ್ಪುನೇರಳೆ ಸೊಪ್ಪು ತರಲು ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತದ್ದು, ಆನೆ ಎಲ್ಲೈತೆ ಒಸಿ ನೋಡವ್ವ ಭಾನು, ಕೆರೆ ತಾವ ಐತೆ ಅತ್ತೆ, ದೂರ, ಹೋಗ್ಬನ್ನಿ — ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟಳು, ನನ್ ಸೊಸೆ ಮಾಡಿರದು, ಸುಳ್ಳೇಳಾಕಿಲ್ಲ ಅಂತ ಬೀದಿಯೆಲ್ಲ ಸಾರುವ ಅತ್ತೆ — ಈ ಹಾಳು ಫೋನು ಯಾಕೆ ಬಡಿದುಕೊಳ್ಳುತ್ತಿದೆ, ಆನೆ ಕಾವಲಿನ ಸ್ವಾಮಿ, ಮೇಡಮ್, ಆನೆ ನಿಮ್ಮೂರ್ ಕಡೀಕೇ ತಿರುಗ್ಬುಟ್ಟೈತೆ, ನಾನು ಆಗ್ಲೇ ಫೋನಲ್ಲಿ ಹೊಸ ಜಾಗ ಹಾಕಿವ್ನಿ, ನಿಮ್ ಮ್ಯಾಪು ಇನ್ನೂ ಕೆರೆ ತಾವ್ಲೇ ತೋರುಸ್ತೈತಲ್ಲ, ಯಾಕೆ?

ಯಾಕೆ — ಅವಳೇ ಬರೆದ ಕ್ಯಾಶ್ ಲೈಬ್ರರಿ, ಜಾವಾಸ್ಕ್ರಿಪ್ಟಿನದು, ಅಂಗೈಯಗಲದ ಕೋಡ್, ಒಮ್ಮೆ ತಂದ ಉತ್ತರವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಕೇಳಿದವರಿಗೆಲ್ಲ ರೆಪ್ಪೆ ಬಡಿಯುವುದರೊಳಗೆ ಕೊಡುವುದು, ವೇಗದ ಹುಚ್ಚಿಗೆ ಉಳಿದದ್ದನ್ನೆಲ್ಲ ಕಿತ್ತೆಸೆದಿದ್ದಳು, ಯಾರೂ ಕೇಳದ ಉತ್ತರ ಸ್ವಲ್ಪ ಹೊತ್ತಿಗೆ ತಾನೇ ಅಳಿಸಿಹೋಗಲಿ, ಕೇಳಿದರೆ ಅದರ ಆಯಸ್ಸು ಮತ್ತೆ ಮೊದಲಿಂದ ಶುರುವಾಗಲಿ, ಎಂಥ ಜಾಣತನ ಎಂದು ಬೀಗಿದ್ದಳು — ಇವತ್ತು ಊರಿಗೆ ಊರೇ ಹೆದರಿ ಕೂತಿದೆ, ಎಲ್ಲರ ಬೆರಳೂ ಆ ಚುಕ್ಕಿಯ ಮೇಲೆ, ಕೇಳಿದಷ್ಟೂ ಹಳೆಯ ಉತ್ತರಕ್ಕೇ ಆಯಸ್ಸು, ಹೊಸದನ್ನು ತರಲು ಅದು ಹೋಗಿಯೇ ಇಲ್ಲ, ಕಾಫಿ ಕುಡಿಯುತ್ತ ತಾನೂ ಎಷ್ಟು ಸಲ ಒತ್ತಿದಳು, ಅಯ್ಯೋ, ತಾನೂ — ಸ್ವಾಮಿ, ನಮ್ಮತ್ತೆ ಸೊಪ್ಪಿಗೆ ಹೋಗವ್ರೆ, ಓಡಪ್ಪ, ಬತ್ತಿವ್ನಿ ಮೇಡಮ್, ಒಸಿ ದೂರ ಇವ್ನಿ — ಅತ್ತೆಯ ಫೋನಿಗೆ ಮಾಡಿದರೆ ಅದು ಹುಳದ ಮನೆಯಲ್ಲೇ ಹಾಡುತ್ತಿದೆ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡುತ್ತಾಳೆ, ಮೆಮೊರಿ ಬರಿದಾಯಿತು, ಕೆರೆಯ ಮೇಲೆ ಈಗ ಏನೂ ಇಲ್ಲ, ದೇವರೇ, ರಸ್ತೆಯ ಮೇಲೆ ತೋರಿಸು, ತೆಂಗಿನ ತೋಟದಲ್ಲಿ ತೋರಿಸು, ಬೇರೆ ಯಾರದಾದರೂ ಹೊಲದಲ್ಲಿ — ಛೀ, ಬೇರೆ ಯಾರದಾದರೂ ಎಂದಳಲ್ಲ — ಮೂಡಿತು, ಕೆಂಪು ಚುಕ್ಕಿ, ಅವರದೇ ಹಿಪ್ಪುನೇರಳೆ ತೋಟದ ನಟ್ಟನಡುವೆ, ಅಲುಗದೆ, ಕೆಂಪು ಚುಕ್ಕಿ