ಪಂಜರದ ಹಿಂದಿನ ನೀರು

ವಾರಗಿತ್ತಿಯರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಣ್ಣ ತಮ್ಮಂದಿರನ್ನು ಮದುವೆಯಾದ ಇಬ್ಬರದೂ ಒಂದೇ ನೀರಿನಲ್ಲಿ ಕೆಲಸ. ಆ ಕೊಲ್ಲಿಯ ಬಾಯಲ್ಲಿ ಹಿರಿಯವಳ ಮೀನಿನ ಪಂಜರಗಳಿದ್ದವು. ದುಂಡನೆಯ ಎಂಟು ಬಲೆಗಳು ಈಚೆ ದಡದಿಂದ ನಡುನೀರಿನ ತನಕ ಅಡ್ಡಸಾಲಾಗಿ ನಿಂತಿದ್ದವು. ಅಲ್ಲಿಂದ ಅರ್ಧ ಮೈಲಿ ಒಳಗೆ, ಅದೇ ದಡದ ಕಡೆ, ಕಿರಿಯವಳು ನೀರಿಗೆ ಹಗ್ಗ ಇಳಿಬಿಟ್ಟು ಕಪ್ಪೆಚಿಪ್ಪು ಬೆಳೆಸುತ್ತಿದ್ದಳು. ಮಿಕ್ಕ ನೀರೆಲ್ಲ ಊರಿನದು. ಅರ್ಧ ಗಂಟೆಗೊಂದು ಫೆರಿ, ಹೂಳೆತ್ತುವ ಹಡಗು, ಮರಳಿನ ದೋಣಿಗಳು, ರಜೆ ಬಂದರೆ ಹಾಯಿದೋಣಿಯವರು. ಸಂತೆಬೀದಿಯೂ ಅಷ್ಟು ಗಿಜಿಗುಡುವುದಿಲ್ಲ.

ಗಂಡಂದಿರ ನಡುವೆ ಜಗಳವಿರಲಿಲ್ಲ. ಆದರೆ ಹೆಂಡತಿಯರ ಕಣ್ಣೆದುರು ಮಾತಾಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ಕ್ಷೌರದಂಗಡಿಯಲ್ಲಿ ಕದ್ದು ಭೇಟಿಯಾಗುತ್ತಿದ್ದರು. ಮೂರು ವರ್ಷದಿಂದ ಇಬ್ಬರ ತಲೆಯಲ್ಲೂ ಕೂದಲಿಗೆ ಬೆಳೆಯಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಮೊದಲು ಹೀಗಿರಲಿಲ್ಲ. ಕಿರಿಯವಳು ಮದುವೆಯಾಗಿ ಬಂದಾಗ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ಹಿರಿಯವಳೇ ದಿನಾ ಬೆಳಿಗ್ಗೆ ಅವಳನ್ನು ಜೆಟ್ಟಿಯ ಮೆಟ್ಟಿಲಿಗೆ ಕರೆದೊಯ್ದು, ಗದ್ದದ ಕೆಳಗೆ ಅಂಗೈ ಕೊಟ್ಟು ಈಜು ಕಲಿಸಿದಳು. ದೋಣಿ ನಡೆಸುವುದು, ಹಗ್ಗಕ್ಕೆ ಗಂಟು ಹಾಕುವುದು, ನೀರಿನ ಬಣ್ಣ ನೋಡಿ ಆಳ ಹೇಳುವುದು, ಎಲ್ಲವೂ ಅವಳ ಪಾಠವೇ. ‘ಚಿಕ್ಕಿ’ ಎಂದು ಕರೆಯತೊಡಗಿದವಳೂ ಅವಳೇ.

ಆಮೇಲೆ ಒಂದು ವರ್ಷ ಚಿಪ್ಪುಗಳು ಸೊರಗಿದವು. ತೆರೆದರೆ ಒಳಗೆ ಕಿರುಬೆರಳಿನ ಉಗುರಿನಷ್ಟು ಮಾಂಸ. ಪಂಜರದ ಮೀನಿನ ಹೊಲಸು ತನ್ನ ಹಗ್ಗಕ್ಕೆ ಬಂದು ಕೂರುತ್ತಿದೆ ಎಂದುಕೊಂಡ ಕಿರಿಯವಳು ಯಾರಿಗೂ ಹೇಳದೆ ಬಂದರು ಕಚೇರಿಗೆ ಅರ್ಜಿ ಬರೆದಳು. ಕಚೇರಿಯ ಜವಾನ ನೋಟಿಸು ತಂದುಕೊಟ್ಟಾಗಲೇ ಹಿರಿಯವಳಿಗೆ ಅದು ತಿಳಿದದ್ದು. ಅವತ್ತೇ ಜೆಟ್ಟಿಯಲ್ಲಿ, ಫೆರಿಗೆ ಕಾದಿದ್ದ ಮಂದಿಯ ಮುಂದೆ, ಅವಳ ಬಾಯಿಂದ ಮಾತು ಜಾರಿತು.

“ಬಕೆಟ್ಟಿನಲ್ಲಿ ಬಿಟ್ರೆ ಬೇರೆಲ್ಲೂ ನೀರು ಕಾಣದವಳು ನನಗೆ ನೀರಿನ ಪಾಠ ಹೇಳ್ತಾಳೆ. ಅವತ್ತೇ ಕೈ ಬಿಟ್ಟಿದ್ರೆ ಚೆನ್ನಾಗಿತ್ತು.”

ಯಾರೋ ನಕ್ಕರು. ಕಿರಿಯವಳು ತಲೆ ತಗ್ಗಿಸಿ ತನ್ನ ದೋಣಿಗೆ ಇಳಿದಳು.

ಕಚೇರಿಯ ಅರ್ಜಿ ಆಮೆಯ ಕಾಲಿನದು. ಅದರ ಮೇಲೆ ವಿಚಾರಣೆಗೆಂದು ನೀರಿನ ಹರಿವು ಅಳೆಯುವ ಮೇಡಂ ಬಂದದ್ದು ಮೂರು ವರ್ಷದ ಮೇಲೆ, ಈಗ. ಸಣ್ಣ ವಯಸ್ಸಿನ, ದೊಡ್ಡ ಟೋಪಿಯ ಹೆಂಗಸು. ಅವರ ಚೀಲದಲ್ಲಿ ನಂಬರು ಬರೆದ ಹನ್ನೆರಡು ಕಿತ್ತಳೆ ಬಣ್ಣದ ತೇಲುಗುಂಡುಗಳಿದ್ದವು. ಗಾಳಿ ತಳ್ಳಿದತ್ತ ಹೋಗದೆ ನೀರಿನ ಜೊತೆಗೇ ಸಾಗಲೆಂದು ಪ್ರತಿಯೊಂದರ ಕೆಳಗೂ ಒಂದು ಬಟ್ಟೆಯ ಪರದೆ ಇಳಿಬಿಟ್ಟಿದ್ದರು.

“ಒಂದು ಉಬ್ಬರ, ಒಂದು ಇಳಿತ ಪೂರ್ತಿ ನೋಡಬೇಕು,” ಎಂದರು ಮೇಡಂ. “ಎರಡು ದೋಣಿ ಬೇಕು. ಪಂಜರದ ಹತ್ರ ಒಂದು, ಹಗ್ಗದ ಹತ್ರ ಒಂದು. ನೀವಿಬ್ಬರೇ ಬಂದ್ರೆ ಒಳ್ಳೇದು, ಆಮೇಲೆ ಲೆಕ್ಕ ತಪ್ಪು ಅಂತ ಯಾರೂ ಹೇಳಲ್ಲ.”

“ಅವಳೂ ಬರ್ತಾಳಾ?” ಎಂದು ಹಿರಿಯವಳು ಕೇಳಿದಳು. ಕಿರಿಯವಳೂ ಬೇರೆ ದಿನ, ತನ್ನ ಮನೆಯ ಬಾಗಿಲಲ್ಲಿ ನಿಂತು ಮೇಡಂರನ್ನು ಅದನ್ನೇ ಕೇಳಿದ್ದಳು.

ಗೊತ್ತುಮಾಡಿದ ದಿನ ಬೆಳಿಗ್ಗೆ ಏಳಕ್ಕೆ ಉಬ್ಬರ ಶುರುವಾಯಿತು. ಮೇಡಂ ಪಂಜರದ ಹಲಗೆಯ ಮೇಲೆ ಕೂತರು. ಹಿರಿಯವಳ ದೋಣಿ ಪಂಜರದ ಬಳಿ, ಕಿರಿಯವಳದು ಹಗ್ಗದ ಬಳಿ. ಮೂವರ ಕೈಯಲ್ಲೂ ಒಂದೊಂದು ವಾಕಿಟಾಕಿ. ಆರು ಗುಂಡುಗಳನ್ನು ಪಂಜರದ ಹೊರಗೆ, ಕಡಲ ಕಡೆಗೆ ಬಿಟ್ಟರು. ಮೂರನ್ನು ಪಂಜರದ ಅಂಚಿನಲ್ಲೇ ಬಿಟ್ಟರು. ಮಿಕ್ಕ ಮೂರು ಇಳಿತಕ್ಕೆ.

“ಮೇಡಂ, ಒಂದನೇ ನಂಬರು ಹೊರಟಿದೆ ಅಂತ ಅವರಿಗೆ ಹೇಳಿ,” ಎಂದಳು ಹಿರಿಯವಳು ವಾಕಿಟಾಕಿಯಲ್ಲಿ.

“ಮೇಡಂ, ಕೇಳಿಸ್ತು ಅಂತ ಅವರಿಗೆ ಹೇಳಿ,” ಎಂದಳು ಕಿರಿಯವಳು.

“ನಾನು ಪೋಸ್ಟ್‌ಮ್ಯಾನ್ ಅಲ್ಲ,” ಎಂದರು ಮೇಡಂ.

ಎಂಟು ಗಂಟೆಯಾದರೂ ಹಗ್ಗದ ಹತ್ತಿರ ಒಂದು ಗುಂಡೂ ಬರಲಿಲ್ಲ. ಎಂಟೂವರೆಗೂ ಇಲ್ಲ. ಹಿರಿಯವಳು ದೋಣಿಯಲ್ಲಿ ನಿಂತು ನೋಡುತ್ತಲೇ ಇದ್ದಳು. ಹೊರಗಿನಿಂದ ಚುರುಕಾಗಿ ಬಂದ ಗುಂಡುಗಳು ಅವಳ ಪಂಜರದ ಸಾಲಿನ ಮುಂದೆ ಅಂಗಡಿ ಮುಚ್ಚಿದ್ದು ಕಂಡ ಗಿರಾಕಿಗಳಂತೆ ತಡವರಿಸಿ, ಸಾಲಿನ ತುದಿ ಬಳಸಿ, ಫೆರಿಯ ದಾರಿಗೆ ಸರಿಯುತ್ತಿದ್ದವು. ಅಂಚಿನಲ್ಲಿ ಬಿಟ್ಟವೂ ಅದೇ ದಾರಿ ಹಿಡಿದವು. ಪಂಜರದ ಹಿಂದೆ ಹಗ್ಗದ ತನಕ ನೀರು ಕೆರೆಯಂತೆ ಸುಮ್ಮನೆ ಬಿದ್ದಿತ್ತು. ಇಪ್ಪತ್ತು ವರ್ಷದಿಂದ ಈ ನೀರಿನ ಮೇಲಿದ್ದವಳು ಅವಳು. ಮೀನು ನೋಡಿದ್ದಳು, ಬಲೆ ನೋಡಿದ್ದಳು. ಪಂಜರಕ್ಕೆ ಬೆನ್ನು ಹಾಕಿ ಹಿಂದಿನ ನೀರನ್ನು ಮಾತ್ರ ನೋಡಿರಲಿಲ್ಲ.

ಹನ್ನೆರಡು ಗಂಟೆಗೆ ನಾಲ್ಕನೇ ಗುಂಡು ನಡುನೀರಿನಲ್ಲಿ ದೂರ ಹೋಗುವುದು ಕಂಡು ಕಿರಿಯವಳು ಅದನ್ನು ಹಿಡಿಯಲು ದೋಣಿ ಬಿಟ್ಟಳು. ಬಗ್ಗಿ ಕೈ ಚಾಚಿದ್ದಳು. ಹೂಳೆತ್ತುವ ಹಡಗಿನ ಮರೆಯಿಂದ ಫೆರಿ ಬಂತು. ಅದು ಹಾರ್ನ್ ಹಾಕಿ ಪಕ್ಕಕ್ಕೆ ತಿರುಗಿತು, ಆದರೆ ಅದು ಎಬ್ಬಿಸಿದ ಅಲೆ ಆಳೆತ್ತರಕ್ಕೆ ಅವಳ ಬೆನ್ನ ಹಿಂದೆ ಬರುತ್ತಿತ್ತು.

“ಚಿಕ್ಕಿ, ಗುಂಡು ಬಿಡು,” ಎಂದಿತು ವಾಕಿಟಾಕಿ. “ಎಡಕ್ಕೆ ತಗೋ. ಅಲೆಗೆ ಮುಖ ಕೊಡು. ಹೆದರಬೇಡ, ಕೂತ್ಕೋ, ಕೂತ್ಕೊಂಡೇ ತಿರುಗಿಸು.”

ಕಿರಿಯವಳು ಕೂತಳು, ಎಡಕ್ಕೆ ತಿರುಗಿಸಿದಳು. ದೋಣಿ ಎರಡು ಸಲ ಎದ್ದು ಎರಡು ಸಲ ಕುಕ್ಕರಿಸಿತು. ಮೈಯೆಲ್ಲ ಒದ್ದೆಯಾಯಿತು, ಅಷ್ಟೇ.

ಅವಳು ಮುಖ ಒರೆಸಿಕೊಂಡು ವಾಕಿಟಾಕಿ ಎತ್ತಿಕೊಂಡಳು.

“ಸರಿಯಾಗಿದೀನಿ, ಅಕ್ಕ,” ಎಂದಳು ಕಿರಿಯವಳು.

ಮೇಡಂ ಪುಸ್ತಕದಲ್ಲಿ ಏನನ್ನೋ ಬಹಳ ಹೊತ್ತು ಬರೆದರು.

ಮಧ್ಯಾಹ್ನ ಒಂದು ಗಂಟೆಗೆ ಉಬ್ಬರ ಮುಗಿದು ನೀರು ನಿಂತಿತು. ಇಳಿತ ಶುರುವಾಗಲು ಅರ್ಧ ಗಂಟೆಯಾದರೂ ಬೇಕು. ಕಿರಿಯವಳು ಹಿಡಿದು ತಂದ ಗುಂಡುಗಳನ್ನು ಪಂಜರದ ಹಲಗೆಗೆ ಏರಿಸಿದಳು. ಮೇಡಂ ಬಲೆಯ ರಾಶಿಗೆ ಒರಗಿ ಟೋಪಿಯಿಂದ ಮುಖ ಮುಚ್ಚಿಕೊಂಡರು. ನಿದ್ದೆಯೋ ಸೌಜನ್ಯವೋ, ಅಂತೂ ಅಲ್ಲಾಡಲಿಲ್ಲ.

ಹಿರಿಯವಳು ತನ್ನ ಒಣ ಸ್ವೆಟರನ್ನು ಕಿರಿಯವಳ ಹೆಗಲಿಗೆ ಹಾಕಿದಳು. ಇಬ್ಬರೂ ನೀರಿಗೆ ಕಾಲು ಇಳಿಬಿಟ್ಟು ಕೂತರು.

“ನಿಮ್ಮ ಪಂಜರದ್ದು ಒಂದು ಗುಂಡೂ ನನ್ನ ಹಗ್ಗಕ್ಕೆ ಬರಲಿಲ್ಲ, ಅಕ್ಕ,” ಎಂದಳು ಕಿರಿಯವಳು. “ಹೊಲಸು ಅಂತ ಬರೆದದ್ದು ತಪ್ಪು.”

“ಹೊರಗಿಂದ ಬಿಟ್ಟದ್ದೂ ಬರಲಿಲ್ಲವಲ್ಲ. ನಿನ್ನ ಚಿಪ್ಪಿಗೆ ಊಟ ತರೋದು ಆ ನೀರು. ಬಾಗಿಲಿಗೆ ಅಡ್ಡ ಮಂಚ ಹಾಕ್ಕೊಂಡು ಮಲಗಿದೀನಿ ನಾನು.”

“ನಿಮಗೂ ಗೊತ್ತಿರಲಿಲ್ಲ.”

“ಗೊತ್ತಿದೆ ಅನ್ನೋ ಜಂಬ ಇತ್ತು.” ಹಿರಿಯವಳು ಅವಳತ್ತ ತಿರುಗಿದಳು. “ಅರ್ಜಿ ಬರೆಯೋ ಮುಂಚೆ ಒಂದು ಮಾತು ನನಗೆ ಹೇಳಬಾರದಿತ್ತಾ?”

“ಈಜು ಕಲಿಸಿದವರ ಹತ್ರ ಹೋಗಿ ನಿಮ್ಮ ನೀರು ಸರಿ ಇಲ್ಲ ಅಂತ ಹೇಗೆ ಹೇಳೋದು? ಮೂರು ಸಲ ನಿಮ್ಮ ಬಾಗಿಲ ತನಕ ಬಂದೆ. ಮೂರು ಸಲಾನೂ ಕಾಫಿ ಕುಡಿದು ವಾಪಸ್ ಹೋದೆ.”

ಹಿರಿಯವಳಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು. “ಜೆಟ್ಟಿ ಮೇಲೆ ಅವತ್ತು ನಾನು ಅಂದದ್ದು...”

“ಬಿಡಿ ಅಕ್ಕ.”

“ಬಿಡೋ ಮಾತಲ್ಲ ಅದು. ಕೈ ಬಿಟ್ಟಿದ್ರೆ ಚೆನ್ನಾಗಿತ್ತು ಅಂದೆನಲ್ಲ, ಅದು ಸುಳ್ಳು. ಆ ಸುಳ್ಳನ್ನ ನೀನು ನಿಜ ಅಂದ್ಕೊಂಡ್ಯೇನೋ ಅಂತ ಮೂರು ವರ್ಷ ನನಗೆ ಊಟ ಸೇರಿಲ್ಲ.”

“ಅಂದ್ಕೊಂಡಿದ್ದೆ,” ಎಂದಳು ಕಿರಿಯವಳು. ಸ್ವೆಟರನ್ನು ಬಿಗಿಯಾಗಿ ಹೊದ್ದುಕೊಂಡು, “ಈಗ ಇಲ್ಲ,” ಎಂದಳು. ಹಿರಿಯವಳು ಅವಳ ಒದ್ದೆ ಜಡೆ ಬಿಚ್ಚಿ, ಹಿಂಡಿ, ಮತ್ತೆ ಹೆಣೆಯತೊಡಗಿದಳು. ಹೆಣೆದು ಮುಗಿಯುವಷ್ಟರಲ್ಲಿ ಹಲಗೆಯ ಕೆಳಗೆ ನೀರು ಕಡಲ ಕಡೆಗೆ ಎಳೆಯಲು ಶುರುವಾಗಿತ್ತು. ಮೇಡಂ ಟೋಪಿ ಸರಿಸಿ ಎದ್ದು, ಹತ್ತನೇ ನಂಬರಿನ ಗುಂಡು ಕೇಳಿದರು.

ಕಚೇರಿಯ ವರದಿಗೆ ಹಿರಿಯವಳು ಕಾಯಲಿಲ್ಲ. ಹದಿನೈದು ದಿನದಲ್ಲಿ ಪಂಜರಗಳನ್ನು ತಿರುಗಿಸಲು ಅನುಮತಿ ತಂದಳು. ನೀರಿಗೆ ಅಡ್ಡ ನಿಂತಿದ್ದ ಸಾಲನ್ನು ನೀರಿನ ಹರಿವಿನ ಗುಂಟ, ನಾಲ್ಕು ನಾಲ್ಕರ ಎರಡು ಸಾಲು ಮಾಡಿ, ನಡುವೆ ಓಣಿ ಬಿಡಬೇಕಿತ್ತು. ಲಂಗರು ಎತ್ತಿ, ಮೀನು ಬೆದರದ ಹಾಗೆ ನಡೆಯುವ ವೇಗದಲ್ಲಿ ಎಳೆಯಲು ಎರಡು ದಿನ ಹಿಡಿಯಿತು. ಅಣ್ಣ ತಮ್ಮ ಒಂದೇ ಹಗ್ಗ ಹಿಡಿದು ಜಗ್ಗಿದರು. ಫೆರಿಯ ಕ್ಯಾಪ್ಟನ್ ಎರಡೂ ದಿನ ಅಲ್ಲಿ ಎಂಜಿನ್ ತಗ್ಗಿಸಿ, ಅಲೆ ಏಳದಂತೆ ದಾಟಿದ. ಮುಂದಿನ ದೋಣಿಯಲ್ಲಿ ನಿಂತು ಯಾವ ಕಡೆ ಎಷ್ಟು ಎಳೆಯಬೇಕೆಂದು ಹೇಳುತ್ತಿದ್ದವಳು ಕಿರಿಯವಳು. ಹಿರಿಯವಳು ಅವಳು ಹೇಳಿದಂತೆ ಕೇಳಿದಳು.

ಚಿಪ್ಪುಗಳು ಒಂದೇ ಸಲಕ್ಕೆ ತುಂಬಿಕೊಳ್ಳಲಿಲ್ಲ. ಮುಂದಿನ ಕೊಯ್ಲಿಗೆ ನಡುವಿನ ಹಗ್ಗಗಳು ಎತ್ತಲಾರದಷ್ಟು ತೂಗಿದವು. ದಡದ ಕಡೆಯ ಎರಡು ಸಾಲು ಸೊರಗಿಯೇ ಇದ್ದವು. ಅವನ್ನು ಕಿರಿಯವಳು ಕಿತ್ತು ಬೇರೆ ಕಡೆ ಹಾಕಿದಳು.

ಯಾರೂ ಎಣಿಸದೆ ಇದ್ದ ಇನ್ನೊಂದು ಸಂಗತಿ ಬೇಸಿಗೆಯಲ್ಲಿ ತಿಳಿಯಿತು. ಹಿಂದೆಲ್ಲ ಗಾಳಿಯಿಲ್ಲದ ದಿನಗಳಲ್ಲಿ ಹಿರಿಯವಳ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಈ ವರ್ಷ ಒಂದು ಸುಡು ಮಧ್ಯಾಹ್ನ ಅವಳು ಅದೇ ಭಯದಿಂದ ಪಂಜರಕ್ಕೆ ಹೋದವಳು ಅಲ್ಲಿಂದಲೇ ಫೋನು ಮಾಡಿದಳು.

“ಚಿಕ್ಕಿ, ಕೈಲಿರೋ ಕೆಲಸ ಬಿಟ್ಟು ಬಾ.”

“ಏನಾಯ್ತು ಅಕ್ಕ?”

“ಏನೂ ಆಗಿಲ್ಲ. ಬಾ, ನೋಡು.”

ಕಿರಿಯವಳು ಬಂದಳು. ಇಬ್ಬರೂ ಹಲಗೆಯ ಮೇಲೆ ಬೋರಲು ಮಲಗಿ ಬಲೆಯೊಳಗೆ ಇಣುಕಿದರು. ಉಸಿರಿಗಾಗಿ ಒಂದೂ ಮೇಲೆ ಬಂದಿರಲಿಲ್ಲ. ಎರಡಾಳು ಆಳದಲ್ಲಿ ಮೀನುಗಳೆಲ್ಲ ಈಗ ತಡೆಯಿಲ್ಲದೆ ಹರಿದು ಬರುವ ನೀರಿಗೆ ಎದುರಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ, ಬಾಲ ಮಾತ್ರ ಆಡಿಸುತ್ತಾ ನಿಂತಿದ್ದವು.