ಎಡಗಿವಿಯ ಕಚ್ಚು

ಹಂದಿಯ ವಿಷಯದಲ್ಲಿ ನಾನು ಮೂರು ತಿಂಗಳ ತರಬೇತಿ ಪಡೆದವನು. ಒಂದು ಕಾಲದಲ್ಲಿ ಇದನ್ನು ಕೇಳದವರಿಗೂ ಹೇಳುತ್ತಿದ್ದೆ. ಈಗ ಕೇಳಿದವರಿಗೂ ಹೇಳುವುದಿಲ್ಲ.

ಎಪ್ಪತ್ತೆಂಟನೆಯ ಇಸವಿ. ಹಿಂದಿನ ವರ್ಷ ಹಂದಿಜ್ವರ ಬಂದು ಮುಂಡರಗಿಯ ಸುತ್ತ ಅರ್ಧಕ್ಕರ್ಧ ಹಂದಿಗಳು ಸತ್ತಿದ್ದವು. ಅವನ್ನೇ ನಂಬಿದವರ ಬದುಕು ಮೂರಾಬಟ್ಟೆಯಾಗಿತ್ತು. ಸರಕಾರ ಒಂದು ಯೋಜನೆ ಕಳಿಸಿತು: ಉಳಿದ ಹೆಣ್ಣು ಹಂದಿಗಳಿಗೆ ಪುಕ್ಕಟೆ ಲಸಿಕೆ, ಆರು ತಿಂಗಳು ಪುಕ್ಕಟೆ ತೌಡು. ಲಸಿಕೆ ಹಾಕಿದ್ದು ಗೊತ್ತಾಗಲೆಂದು ಎಡಗಿವಿಯ ಅಂಚಿಗೆ ಒಂದು ಕಚ್ಚು. ಆ ಮಹತ್ಕಾರ್ಯಕ್ಕೆ ಬಂದವನು ನಾನು, ಜಾನುವಾರು ಸಹಾಯಕ ಯಂಕಪ್ಪ, ಇಸ್ತ್ರಿ ಮಾಡಿದ ಟೆರಿಲಿನ್ ಪ್ಯಾಂಟಿನ ಸಮೇತ.

ಹಂದಿ ಸಾಕುವವರ ಓಣಿಯಲ್ಲಿ ಮೊದಲ ಮನೆ ದುರಗವ್ವನದು. ಗಂಡ ತೀರಿಕೊಂಡಿದ್ದ. ಜ್ವರದಲ್ಲಿ ಉಳಿದದ್ದು ಒಂದೇ ಹೆಣ್ಣು ಹಂದಿ. ಮಗಳು ಹನಮವ್ವನ ಮದುವೆಗೆ ಹತ್ತು ದಿನವಿತ್ತು. ಅವರಲ್ಲಿ ಮಗಳ ಜೊತೆ ಒಂದು ಹೆಣ್ಣು ಹಂದಿ ಗಂಡನ ಮನೆಗೆ ಹೋಗಬೇಕು, ಅದರ ಮೊದಲ ಸೂಲಿನ ಒಂದು ಮರಿ ತವರಿಗೆ ಬರಬೇಕು. ಹಂದಿ ಹೋಗದಿದ್ದರೆ ಮದುವೆಯೇ ಇಲ್ಲ.

"ಸೂಜಿ ಚುಚ್ಚ್ರಿ ಸಾಹೇಬ್ರ. ಕಿವಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ," ಎಂದಳು ದುರಗವ್ವ.

ಹಂದಿಗೆ ನೋವಾದೀತೆಂದು ಹೆದರಿದ್ದಾಳೆ ಎಂದುಕೊಂಡು, ಕಿವಿಯಂಚಿನಲ್ಲಿ ನೋವು ಕಡಿಮೆ ಎಂದು ಸಣ್ಣ ಭಾಷಣ ಬಿಗಿದೆ. ಕಚ್ಚಿಲ್ಲದಿದ್ದರೆ ತೌಡೂ ಇಲ್ಲ ಎಂದೆ. ಯಾಕೆ ಬೇಡ ಎಂದು ಕೇಳುವುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಸಂಜೆಯೊಳಗೆ ಹನ್ನೊಂದು ಕಿವಿ ಕತ್ತರಿಸಿ ಕೈ ತೊಳೆದುಕೊಂಡೆ.

ಮರುದಿನ ಓಣಿಯ ಹಿರಿಯ ಹೊಳೆಯಪ್ಪ ಕರೆಸಿ ನನಗೆ ಪಾಠ ಮಾಡಿದ. ಹಂದಿಗಳು ದಿನವಿಡೀ ಊರೆಲ್ಲ ತಿರುಗುತ್ತವೆ, ಬಣ್ಣ ಎಲ್ಲವುಗಳದ್ದೂ ಕಪ್ಪು. ಅದಕ್ಕೇ ಮನೆಮನೆಗೂ ಕಿವಿಯ ಗುರುತು ಬೇರೆ. ದುರಗವ್ವನದು ಬಲಗಿವಿಗೆ ಎರಡು ಕಚ್ಚು. ಹಂದಿ ಮಾರಿದರೆ ಕೊಂಡವರ ಗುರುತೂ ಬೀಳುತ್ತದೆ, ಕೊನೆಗೆ ಬಿದ್ದ ಗುರುತಿನವರೇ ಒಡೆಯರು. ಇನ್ನು ಎಡಗಿವಿಗೆ ಒಂದೇ ಕಚ್ಚೆಂದರೆ ಅದು ಹೊಳೆಯಪ್ಪನ ಮನೆತನದ್ದು. ಅಂದರೆ ನಾನು ಒಂದೇ ದಿನದಲ್ಲಿ ಇಡೀ ಓಣಿಯ ಹಂದಿಗಳನ್ನು ಅವನಿಗೆ ದಾನ ಮಾಡಿಬಿಟ್ಟಿದ್ದೆ. ಅವನಿಗೇನೂ ಅವು ಬೇಕಿರಲಿಲ್ಲ. ಆದರೆ ಬೇರೆ ಮನೆಯ ಗುರುತಿನ ಹಂದಿಯನ್ನು ಒಲ್ಲೆವೆಂದು ದುರಗವ್ವನಿಗೆ ಅಡರಕಟ್ಟಿಯ ಬೀಗರು ಆಗಲೇ ಹೇಳಿ ಕಳಿಸಿದ್ದರು.

ಹಂದಿ ದುರಗವ್ವನದೇ ಎಂದು ನಾನು ಕೂಡಲೇ ಠಸ್ಸೆ ಹೊಡೆದ ಪತ್ರ ಬರೆದುಕೊಟ್ಟೆ. ಹೊಳೆಯಪ್ಪ ಅದನ್ನು ನೀಟಾಗಿ ಮಡಚಿ ನನ್ನ ಕೈಗೇ ಇಟ್ಟ.

"ಅವ್ರು ಕಾಗದಾ ನೋಡಂಗಿಲ್ರಿ, ಕಿವಿ ನೋಡತಾರ. ನನ್ನ ಗುರುತು ನಾ ಕೊಯ್ದು ತಗೀತೀನಿ. ಆದ್ರ ಅದಕ್ಕಿಂತ ಮೊದಲ, ಅದನ್ನ ಹಾಕಿದಾವ್ರು ಬೀಗರ ಮುಂದ ತಮ್ಮ ಕಿವಿ ಹಿಡಕೊಂಡು ತಪ್ಪಾತು ಅನಬೇಕು."

ಸರಕಾರಿ ನೌಕರ ಕಿವಿ ಹಿಡಿಯುವುದೇ? ಆರು ದಿನ ಆ ಓಣಿಯ ಕಡೆ ತಲೆ ಹಾಕಲಿಲ್ಲ. ಏಳನೆಯ ದಿನ ದುರಗವ್ವ ತೌಡಿನ ಚೀಲ ಹೊತ್ತು ಬಂದು ನನ್ನ ಮೇಜಿನ ಮುಂದೆ ಇಳಿಸಿದಳು. ಬಾಯಿ ಕಟ್ಟಿದ್ದ ಹಾಗೇ ಇತ್ತು, ಒಂದು ಹಿಡಿಯನ್ನೂ ತೆಗೆದಿರಲಿಲ್ಲ.

"ನಿಮ್ಮ ತೌಡು ವಾಪಸ್ ತಗೋರಿ. ನನ್ನ ಹಂದಿ ಕಿವಿ ವಾಪಸ್ ಕೊಡ್ರಿ."

ನನಗೆ ಬಹಳ ನಾಚಿಕೆಯಾಯಿತು. ಜ್ವರ ಅವಳ ಒಂದು ಹಂದಿಯನ್ನಾದರೂ ಬಿಟ್ಟಿತ್ತು. ನಾನು ಅದನ್ನೂ ಬಿಟ್ಟಿರಲಿಲ್ಲ. ಚೀಲ ಸೈಕಲ್ಲಿಗೆ ಹೇರಿಕೊಂಡು ಅವಳ ಹಿಂದೆಯೇ ಹೊರಟೆ.

ಮರುದಿನ ಬೀಗರ ಮುಂದೆ ಎರಡೂ ಕಿವಿ ಹಿಡಿದು ತಪ್ಪಾಯಿತೆಂದೆ. ವರನ ಅಪ್ಪನಿಗೆ ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಜೋರಾಗಿ ಅಂದೆ. ಮೂರನೆಯ ಸಲ ಯಾರೂ ಕೇಳಿರಲಿಲ್ಲ, ಗಾಬರಿಯಲ್ಲಿ ನಾನೇ ಅಂದೆ. ಹೊಳೆಯಪ್ಪ ಕತ್ತಿಯಿಂದ ಹಂದಿಯ ಎಡಗಿವಿಯ ಆ ಅಂಚನ್ನು ಸವರಿ ತೆಗೆದ, ಆಮೇಲೆ ಓಣಿಯ ಉಳಿದವರ ಹಂದಿಗಳದ್ದನ್ನೂ. ಹನಮವ್ವ ಅಡರಕಟ್ಟಿಗೆ ಹೋದಳು, ಅವಳ ಹಿಂದೆ ಹಂದಿಯೂ ಹೋಯಿತು. ಲಸಿಕೆಯ ಲೆಕ್ಕಕ್ಕೆ ನಾನು ಆಯಾ ಮನೆಯ ಗುರುತನ್ನೇ ದಾಖಲೆಯಲ್ಲಿ ಬರೆದುಕೊಂಡೆ. ಮೊದಲೇ ಇದು ಹೊಳೆಯದಷ್ಟು ಕಲಿತಿದ್ದೆ.

ಏಳು ತಿಂಗಳಿಗೆ ಅಡರಕಟ್ಟಿಯಿಂದ ಒಂದು ಹೆಣ್ಣು ಮರಿ ತವರಿಗೆ ಬಂತು. ಲಸಿಕೆ ಹಾಕಲು ದುರಗವ್ವ ತಾನೇ ಕರೆಸಿದಳು. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಗೆ ಜಾಗ ತೋರಿಸಿದಳು, ನಾನು ಚುಚ್ಚಿದೆ. ನನ್ನ ಚೀಲದ ಗುಂಡಿ ಹಾಕುವತನಕ ಅವಳು ಮರಿಯ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡೇ ಕೂತಿದ್ದಳು.